ರಸೂಲ್‌ಬಿ ಮಾಡಿದ ಬೀಜದ ಪರೀಕ್ಷೆ

ರಸೂಲ್‌ಬಿ ನಡೆದು ಬಂದರೆ ಸೊಂಟದ ಎಡಗಡೆ ಒಂದು ಒದ್ದೆ ಗಂಟು ಕಾಣುತ್ತಿತ್ತು. ಅದರೊಳಗೆ ಎಣಿಸಿದ ನೂರು ಮೆಣಸಿನಕಾಯಿ ಬೀಜ. ಮೊಳೆಯಲು ಮೈಯ ಬಿಸಿ ಬೇಕೆಂದು ಎಂಟು ದಿನ ಅದನ್ನು ಕಟ್ಟಿಕೊಂಡೇ ಓಡಾಡುವರು. ಯಾರಾದರೂ ನಕ್ಕರೆ, "ಕೋಳಿ ಕಾವು ಕುಂತ್ರ ನಗಂಗಿಲ್ಲ, ನಾ ಕುಂತ್ರ ನಗ್ತೀರಿ" ಎನ್ನುವರು.

ಸೇಡಂ ತಾಲ್ಲೂಕಿನ ಮುಧೋಳಕ್ಕೆ ನಾನು ಗ್ರಾಮಸೇವಕನಾಗಿ ಬಂದ ಮೊದಲ ವರ್ಷ. ಪೇಟೆಯ ಅಂಗಡಿಯೊಂದರಿಂದ ಒಂದು ಚೀಲ ಮೆಣಸಿನಕಾಯಿ ಬೀಜ ತರಿಸಿ, ಒಂದೂ ಹುಸಿ ಹೋಗುವುದಿಲ್ಲವೆಂದು ಚಾವಡಿಯಲ್ಲಿ ಹೇಳಿಬಿಟ್ಟಿದ್ದೆ. ರೈತರು ಸಸಿಮಡಿ ಹದ ಮಾಡಿಕೊಂಡು ಕಾದಿದ್ದರು. ತಮ್ಮ ಹೊಲಕ್ಕೆ ಮನೆಯ ಬೀಜವನ್ನೇ ಬಿತ್ತುತ್ತಿದ್ದ ರಸೂಲ್‌ಬಿ ಮಾತ್ರ ಚೀಲಕ್ಕೆ ಕೈಹಾಕಿ ಇನ್ನೂರು ಬೀಜ ಎಣಿಸಿಕೊಂಡು ಹೋದರು.

ಎಂಟನೆಯ ದಿನ ಎಲ್ಲರೆದುರು ಗಂಟು ಬಿಚ್ಚಿದರು. ನೂರರಲ್ಲಿ ಎಂಬತ್ತು ಮೊಳೆತಿದ್ದವು. ನಾನು ಮೀಸೆ ತಿರುವಿದೆ.

"ತಡೀರಿ ಸಾಹೇಬ್ರ. ಬಟ್ಟ್ಯಾಗ ಮೊಳಕಿ ಒಡಿಯೋದು ತವರಮನ್ಯಾಗ ಉಂಡಂಗ. ಮಣ್ಣು ಎತ್ತಿ ಮ್ಯಾಲ ಬರೋದು ಅತ್ತಿಮನಿ ಬಾಳ್ವಿ. ಕಸುವು ಅಲ್ಲಿ ತಿಳೀತದ."

ಉಳಿದ ನೂರನ್ನು ಅವರು ಒಡಕು ಮಡಕೆಯಲ್ಲಿ ಬಿತ್ತಿ, ಮೇಲೆ ಇಟ್ಟಿಗೆಯ ಚೂರು ಹರಡಿ ಒತ್ತಿದ್ದರು. ಪಕ್ಕದ ಮಡಕೆಯಲ್ಲಿ ತಮ್ಮ ಮನೆಯ ಬೀಜ. ಇನ್ನೊಂದು ವಾರ ಕಳೆಯಿತು. ಅವರ ಸಸಿಗಳು ಇಟ್ಟಿಗೆ ಚೂರನ್ನು ತಲೆಯ ಮೇಲೆ ಹೊತ್ತೇ ಎದ್ದು ನಿಂತವು. ನನ್ನವು ಇಪ್ಪತ್ತೂ ಮೇಲೆ ಬರಲಿಲ್ಲ. ಬಂದವೂ ಜ್ವರದಿಂದ ಎದ್ದವರ ಹಾಗೆ ಒರಗಿದ್ದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ನೆರೆದ ರೈತರು ನನ್ನತ್ತ ತಿರುಗುವಷ್ಟರಲ್ಲಿ ರಸೂಲ್‌ಬಿಯೇ, "ಸಾಹೇಬ್ರು ಬಿತ್ತೂಕಿಂತ ಮೊದಲ ನನಗ ಬೀಜ ಕೊಟ್ರು, ಅದಕ್ಕ ಉಳಿದ್ವಿ. ಬರ್ರಿ, ನಮ್ಮನಿ ಬೀಜ ಒಯ್ರಿ" ಎಂದರು. ನಾನೆಲ್ಲಿ ಕೊಟ್ಟಿದ್ದೆ! ಆ ವರ್ಷ ಊರ ಕಣಗಳಲ್ಲೆಲ್ಲ ಅವರ ಮನೆಯ ಬೀಜದ ಮೆಣಸಿನಕಾಯಿಯೇ ಕೆಂಪಗೆ ಒಣಗಿತು. ಅಂದಿನಿಂದ ಅವರು ನನಗೆ ಖಾಲಾ, ಅಂದರೆ ಚಿಕ್ಕಮ್ಮ, ಆದರು. ಅವರ ಮಡಕೆಯಲ್ಲಿ ಪಾಸಾಗದ ಬೀಜವನ್ನು ನಾನು ಮತ್ತೆ ಹಂಚಲಿಲ್ಲ.

ನನಗೆ ಚಿಂಚೋಳಿಗೆ ವರ್ಗವಾದಾಗ ಬಸ್ಸಿನವರೆಗೆ ಬಂದರು. ಶೇಂಗಾ ಹೋಳಿಗೆಯ ಗಂಟು ಕೈಗಿತ್ತು, "ನನ್ನ ಮುಂದ ಒಂದು ತಿನ್ರಿ" ಎಂದರು. ಮುರಿದು ಬಾಯಿಗಿಟ್ಟೆ. ಕಣ್ಣು ತುಂಬಿಬಿಟ್ಟಿತು.

"ಯಾಕ್ರಿ ಸಾಹೇಬ್ರ, ಏನಾತು?"

"ಖಾರ ಭಾಳ ಅದ, ಖಾಲಾ."

"ಹೋಳಿಗ್ಯಾಗ ಖಾರ ಏನ್ರಿ!"

ಅವರು ನಕ್ಕ ನಗೆಗೆ ಬಸ್ಸಿನಲ್ಲಿದ್ದವರೆಲ್ಲ ಕತ್ತು ಹೊರಗೆ ಹಾಕಿದರು. ಕಂಡಕ್ಟರ್ ಸೀಟಿ ಊದಿದರೂ ನಗು ನಿಂತಿರಲಿಲ್ಲ. ನಾನು ಅವರನ್ನು ಕಂಡದ್ದು ಅದೇ ಕೊನೆ.