ಭಾವನ ಬಲಗಾಲು

ಭಾವ, ನಿಮ್ಮ ಬಲಗಾಲಿಗೆ ಏನೂ ಆಗಿಲ್ಲ. ಏಳು ವರ್ಷದ ಹಿಂದೆಯೂ ಆಗಿರಲಿಲ್ಲ. ಕೆಟ್ಟಿದ್ದು ಗಾಡಿ. ಅದು ಕೆಡಬಹುದು ಎಂದು ನನಗೆ ಮೊದಲೇ ಗೊತ್ತಿತ್ತು, ಕೆಟ್ಟ ಮೇಲೆ ಕೆಟ್ಟಿದೆ ಎಂದೂ ಗೊತ್ತಾಯಿತು. ಎಲ್ಲ ಗೊತ್ತಿದ್ದೂ ನಿಮ್ಮ ಮುಖ ನೋಡಿಕೊಂಡೇ, ಒಂದು ಸಲ ಕಾಲು ತೋರಿಸಿಕೊಳ್ಳಿ ಎಂದೆ. ಅದು ಬಾಯಿತಪ್ಪಿ ಬಂದ ಮಾತಲ್ಲ. ಬೇಕೆಂದೇ ಹೇಳಿದ್ದು.

ಈ ಕಾಗದವನ್ನು ನೀವು ಓದಿದ ಮೇಲೆ ಮಾಲೂರಿನ ಮುನಿರಾಜಪ್ಪನವರೂ ಓದಬೇಕು – ನಿಮ್ಮ ಮಗಳು ಪವಿತ್ರಳನ್ನು ತಮ್ಮ ಮಗನಿಗೆ ಕೇಳಿರುವವರು. ಅವರಿಗೆ ನಮ್ಮ ಹಳೆಯ ಸಂಗತಿಗಳು ಒಂದೂ ಗೊತ್ತಿಲ್ಲ. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಬೇಸರಕ್ಕೆ ಮುಂದೆ ಬೇಕಾದಷ್ಟಿದೆ.

ಕೋಲಾರದ ಹೊರಗೆ, ಹೆದ್ದಾರಿಯ ಪಕ್ಕದ ಕಾರು ಸರ್ವೀಸ್ ಸೆಂಟರಿನಲ್ಲಿ ನನಗೆ ಕೆಲಸ. ಗಾಡಿ ತಂದವರ ದೂರು ಕೇಳುವುದು, ಜಾಬ್ ಕಾರ್ಡ್ ಬರೆಯುವುದು, ಒಳಗೆ ಮೆಕ್ಯಾನಿಕ್‌ಗಳಿಗೆ ಒಪ್ಪಿಸುವುದು. ಆ ವರ್ಷ ಡೀಸೆಲ್ ಗಾಡಿಯವರಿಗೆಲ್ಲ ಕಂಪನಿಯಿಂದ ಕಾಗದ ಬಂತು. ಗಾಡಿಯೊಳಗಿನ ಕಂಪ್ಯೂಟರಿಗೆ ಒಂದು ಕಳ್ಳಬುದ್ಧಿ ಕಲಿಸಿಟ್ಟಿದ್ದರು – ಹೊಗೆ ಪರೀಕ್ಷೆ ನಡೆಯುವಾಗ ಸಾಧುವಾಗಿರುವುದು, ರಸ್ತೆಗೆ ಇಳಿದ ಮೇಲೆ ಮನಸ್ಸಿಗೆ ಬಂದಷ್ಟು ವಿಷ ಬಿಡುವುದು. ಸಿಕ್ಕಿಬಿದ್ದ ಮೇಲೆ, ಗಾಡಿ ತನ್ನಿ, ಸಾಫ್ಟ್‌ವೇರ್ ಬದಲಾಯಿಸಿ ಕೊಡುತ್ತೇವೆ, ಬಲವಂತವಿಲ್ಲ, ಒಪ್ಪಿಗೆಯಿದ್ದರೆ ಸಹಿ ಹಾಕಿ ಎಂದು ಬರೆದಿದ್ದರು. ಅಲ್ಲಿಂದ ನನ್ನ ಮೇಜಿನ ಮುಂದೆ ಜನವೋ ಜನ. ಮೈಲೇಜ್ ಬೀಳುತ್ತದಂತೆ, ಪಿಕಪ್ ಹೋಗುತ್ತದಂತೆ – ಶ್ರೀನಿವಾಸಪುರದ ಮಾವಿನ ಮಂಡಿಯವರು, ಮುಳಬಾಗಿಲಿನ ಮೇಷ್ಟ್ರುಗಳು, ಎಲ್ಲರದ್ದೂ ಅದೇ ಅನುಮಾನ.

ಅವರಲ್ಲಿ ಆ ಕಾಗದವನ್ನು ಪೂರ್ತಿ ಓದಿದವರು ಒಬ್ಬರೂ ಇರಲಿಲ್ಲ. ನಮ್ಮ ಕಡೆಯವರು ಓದುವುದಿಲ್ಲ, ಕೇಳುತ್ತಾರೆ. ಹೆಣ್ಣು ಕೊಡುವಾಗ, ಹೊಲ ಕೊಳ್ಳುವಾಗ, ಆಪರೇಷನ್ನಿಗೆ ಒಪ್ಪುವಾಗ, ಗುರುತಿನವನೊಬ್ಬನನ್ನು ಪಕ್ಕಕ್ಕೆ ಕರೆದು ಒಂದೇ ಒಂದು ಮಾತು ಕೇಳುತ್ತಾರೆ – ನಿಮ್ಮನೇದೇ ಆಗಿದ್ರೆ ಏನ್ಮಾಡ್ತಿದ್ರಿ? ಹಾಗೆ ಕೇಳಿದ ಮೇಲೆ ಸುಳ್ಳು ಹೇಳುವ ಹಾಗಿಲ್ಲ. ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೂ ದೇವರ ಮುಂದೆ ಕೈಯಿಟ್ಟು ಹೇಳಿದಷ್ಟೇ ತೂಕ ಆ ಉತ್ತರಕ್ಕೆ.

ನಾನು ಕೇಳಿದವರಿಗೆಲ್ಲ ನಿಜವನ್ನೇ ಹೇಳಿದೆ. ಕಡಿಮೆ ಓಡಿದ ಗಾಡಿಯಾದರೆ ಧೈರ್ಯವಾಗಿ ಒಪ್ಪಿಕೊಳ್ಳಿ. ಹೆಚ್ಚು ಓಡಿದ್ದಾದರೆ ಸ್ವಲ್ಪ ತಡೆಯಿರಿ. ಹೊಗೆಯನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಒಂದು ವಾಲ್ವ್ ಇದೆ, ಅದಕ್ಕೆ ಮಸಿ ಕಟ್ಟಿರುತ್ತದೆ. ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಅದಕ್ಕೆ ಕೆಲಸ ಜಾಸ್ತಿ. ಮೊದಲು ಬಿಚ್ಚಿ ತೊಳೆಸಿ, ಆಮೇಲೆ ಸಹಿ ಹಾಕಿ. ಇಲ್ಲವಾದರೆ ಓಡುತ್ತಿರುವಾಗಲೇ ವಾಲ್ವ್ ಕಚ್ಚಿಕೊಂಡು ಗಾಡಿ ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳಬಹುದು. ಹಾಗಾದ ಎರಡು ಗಾಡಿಗಳನ್ನು ಆಗಲೇ ಕಣ್ಣಾರೆ ನೋಡಿದ್ದೆ.

ಆಮೇಲೆ ನೀವು ಬಂದಿರಿ. ನಿಮ್ಮೂರು ಬೈರಕೂರಿನಲ್ಲಿ ನಿಮ್ಮ ಗಾಡಿಯಷ್ಟು ಓಡಿದ ಗಾಡಿ ಇನ್ನೊಂದಿರಲಿಲ್ಲ. ಕೊಂಡ ದಿನ ಕುರುಡುಮಲೆ ಗಣೇಶನ ಮುಂದೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಹಿಂಡಿಸಿ ಹೊರಟವರು, ಆವತ್ತಿನಿಂದ ಯಾರನ್ನೂ ಮುಂದೆ ಹೋಗಲು ಬಿಟ್ಟವರಲ್ಲ. ಟೊಮೇಟೊ ತೋಟದಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ನೆಂಟರ ಮನೆಗೆ. ಬೇರೆಯವರ ಗಾಡಿಯಲ್ಲಿ ಕೂತಾಗ ನಿಮ್ಮ ಬಲಗಾಲು ತನ್ನಷ್ಟಕ್ಕೆ ತಾನೇ ಕೆಳಗೆ ಒತ್ತುತ್ತಿತ್ತು. ಅಕ್ಕ ಅದನ್ನು ನೋಡಿ ನಗುತ್ತಿದ್ದಳು.

ಮೇಜಿನ ಮೇಲೆ ಕಂಪನಿಯ ಕಾಗದ ಇಟ್ಟು ನೀವೂ ಅದೇ ಮಾತು ಕೇಳಿದಿರಿ. "ಶೀನಾ, ನಿನ್ ಗಾಡಿ ಆಗಿದ್ರೆ ಏನ್ಮಾಡ್ತಿದ್ದೆ?"

"ಇವತ್ತೇ ಮಾಡಿಸ್ತಿದ್ದೆ ಭಾವ" ಎಂದೆ.

ನೀವು ಸಹಿ ಹಾಕಿದಿರಿ. ವಾಲ್ವಿನ ಮಾತು ನಾನು ಎತ್ತಲಿಲ್ಲ. ಜಾಬ್ ಕಾರ್ಡಿನಲ್ಲಿ ಆ ಸಾಲನ್ನು ಖಾಲಿ ಬಿಟ್ಟೆ. ಒಳಗಿನ ಹುಡುಗರು, ಇದು ಬಹಳ ಓಡಿದೆಯಲ್ಲ ಸಾರ್ ಎಂದಾಗ, ನಮ್ಮ ಭಾವಂದು, ನನಗೆ ಗೊತ್ತು ಬಿಡಿ ಎಂದೆ. ಅಷ್ಟು ಸುಲಭವಾಗಿ ಆಗಿಹೋಯಿತು.

ಯಾಕೆ ಎಂದು ನೀವು ಕೇಳುತ್ತೀರಿ. ಯಾಕೆ ಎಂದು ನೀವು ಕೇಳುತ್ತೀರಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು.

ಅದಕ್ಕೂ ಒಂಬತ್ತು ವರ್ಷ ಹಿಂದೆ ಶ್ರೀನಿವಾಸಪುರದ ಸುಮತಿಯ ಜೊತೆ ನನ್ನ ಮದುವೆ ಮಾತಾಗಿತ್ತು. ಅವಳು ನನ್ನನ್ನು ಒಪ್ಪಿದ್ದಳು – ತಲೆ ತಗ್ಗಿಸಿ ಒಪ್ಪಿದ್ದಲ್ಲ, ನೇರ ನೋಡಿ, ನಕ್ಕು. ತಾಂಬೂಲ ಬದಲಾಯಿಸಿಕೊಳ್ಳಲು ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಅವಳ ಅಪ್ಪ ನಿಮ್ಮನ್ನು ಮಂಡಿಯಲ್ಲಿ ಪಕ್ಕಕ್ಕೆ ಕರೆದು ಕೇಳಿದರು – ನಿಮ್ಮನೆ ಹುಡುಗೀನೇ ಆಗಿದ್ರೆ ಈ ಹುಡುಗನಿಗೆ ಕೊಡ್ತಿದ್ರಾ? ನೀವು ಹೇಳಿದಿರಿ, "ಕೊಡ್ತಿರ್ಲಿಲ್ಲ. ಅವನಿಗೆ ಫಿಟ್ಸ್ ಬರ್ತಿತ್ತು."

ಸುಳ್ಳಲ್ಲ ಅದು. ಚಿಕ್ಕವನಾಗಿದ್ದಾಗ ನನಗೆ ಫಿಟ್ಸ್ ಬರುತ್ತಿತ್ತು. ಹನ್ನೊಂದನೆಯ ವಯಸ್ಸಿಗೆ ನಿಂತಿತು, ಆಮೇಲೆ ಮಾತ್ರೆಯೂ ನಿಂತಿತು, ಮತ್ತೆ ಒಂದು ಸಲವೂ ಬರಲಿಲ್ಲ. ನಾವೇ ಮೊದಲು ಹೇಳಬೇಕಾಗಿತ್ತು, ಹೇಳಲಿಲ್ಲ, ಅದು ನಮ್ಮ ತಪ್ಪು – ಒಪ್ಪುತ್ತೇನೆ. ಆದರೆ ನಿಂತಿದೆ ಎನ್ನುವುದು ನಿಮಗೆ ಗೊತ್ತಿತ್ತಲ್ಲ ಭಾವ? ನೀವು ಆ ಎರಡನೇ ಮಾತನ್ನು ಯಾಕೆ ನುಂಗಿದಿರಿ? ಬರುತ್ತಿತ್ತು ಎನ್ನುವಷ್ಟೇ ಸಲೀಸಾಗಿ, ಈಗ ಇಲ್ಲ ಎಂದಿದ್ದರೆ...

ಅವಳ ಅಪ್ಪ ತಾವೇ ಬಂದು ನಿಮ್ಮ ಮಾತನ್ನು ನನಗೆ ಹೇಳಿದರು, ಪಾಪ, ಕೈಮುಗಿದು. ಅಲ್ಲಿಗೆ ಮುಗಿಯಲಿಲ್ಲ. ನಾಲ್ಕು ತಾಲ್ಲೂಕಿನಲ್ಲಿ ಹೆಣ್ಣು ಕೇಳಲು ಹೋದ ಕಡೆಯೆಲ್ಲ ಆ ಮಾತು ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಫಿಟ್ಸ್ ಹುಡುಗ. ನಾನೇ ನನ್ನ ಮೈಯನ್ನು ನಂಬದ ಹಾಗಾಯಿತು. ಬಸ್ಸಿನಲ್ಲಿ ಕೈ ಸ್ವಲ್ಪ ನಡುಗಿದರೆ ಬಂತೇನೋ ಎಂದು ಹಲ್ಲು ಕಚ್ಚಿ ಕೂರುತ್ತಿದ್ದೆ. ನಿಮ್ಮ ಮನೆಗೆ ಹಬ್ಬಕ್ಕೆ ಬಂದೆ, ನಿಮ್ಮ ಪಕ್ಕದಲ್ಲಿ ಕೂತು ಉಂಡೆ, ಒಂದು ಮಾತೂ ಕೇಳಲಿಲ್ಲ. ಒಳಗೊಳಗೇ ಕಾದೆ.

ನಿಮ್ಮ ಗಾಡಿ ಊರವರ ಮುಂದೆ ಕೆಮ್ಮಬೇಕು, ನೀವು ತಲೆ ತಗ್ಗಿಸಿ ತಳ್ಳಿಸಿಕೊಂಡು ಬರಬೇಕು – ನಾನು ಬಯಸಿದ್ದು ಅಷ್ಟೇ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಂಬಬೇಡಿ. ವಾಲ್ವ್ ಕಚ್ಚಿಕೊಂಡರೆ ಏನಾಗಬಹುದು ಎಂದು ದಿನವೂ ಹತ್ತು ಜನಕ್ಕೆ ಹೇಳುತ್ತಿದ್ದವನು ನಾನು.

ನೀವು ಸಹಿ ಹಾಕಿ ಮೂರು ತಿಂಗಳಾಗಿತ್ತು. ಶ್ರೀನಿವಾಸಪುರದ ರಸ್ತೆಯಲ್ಲಿ ನೀವು ಟೊಮೇಟೊ ಲಾರಿಯೊಂದನ್ನು ಹಿಂದೆ ಹಾಕಲು ಹೋದಿರಿ. ಎದುರಿಗೆ ಬಸ್ಸು. ನಿಮಗೆ ಅದು ಯಾವ ಲೆಕ್ಕ, ಎಷ್ಟು ಸಲ ನುಸುಳಿದ್ದೀರಿ. ಕಾಲು ಒತ್ತಿದಿರಿ, ಗಾಡಿ ಮುಂದಕ್ಕೆ ಹೋಗಲಿಲ್ಲ. ಲಾರಿಯವನು ಬ್ರೇಕ್ ಹಾಕಿ ಜಾಗ ಬಿಟ್ಟನಂತೆ, ನೀವು ಅವನ ಮುಂದೆ ತೂರಿ ಎಡಗಡೆ ಮಣ್ಣಿಗೆ ಇಳಿದಿರಿ. ಪಕ್ಕದ ಸೀಟಿನಲ್ಲಿ ಅಕ್ಕ ಇದ್ದಳು. ನನ್ನ ಒಡಹುಟ್ಟಿದ ಅಕ್ಕ. ಆ ಸೀಟಿನಲ್ಲಿ ಅವಳು ಇರಬಹುದು ಎನ್ನುವ ಯೋಚನೆ ಆ ಮೂರು ತಿಂಗಳಲ್ಲಿ ಒಂದು ದಿನವೂ ನನಗೆ ಬಂದಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಗಾಡಿ ಏನೂ ಆಗದ ಹಾಗೆ ಹೊರಟಿತಂತೆ. ಅದೇ ನಿಮ್ಮನ್ನು ಹೆದರಿಸಿದ್ದು. ನಿಮ್ಮಪ್ಪನಿಗೆ ಲಕ್ವ ಹೊಡೆದಾಗ ಅವರಿಗೂ ಅದೇ ವಯಸ್ಸು, ಅದೇ ಬಲಗಾಲು. ಮಾರನೆಯ ಬೆಳಿಗ್ಗೆ ಇಬ್ಬರೂ ನನ್ನ ಹತ್ತಿರ ಬಂದಿರಿ. ಹೆದರಿದಾಗ ನಿಮ್ಮ ಬಾಯಿಗೆ ಮನೆಯ ತೆಲುಗು ಬರುತ್ತದೆ. "ನಾ ಕಾಲು ಪೋಯಿಂದಿರಾ ಶೀನಾ" ಎಂದಿರಿ, ಮೆಲ್ಲಗೆ. ಕಾಲು ಹೋಯಿತು ಕಣೋ ಎಂದು. ಆಮೇಲೆ ಕನ್ನಡದಲ್ಲಿ, "ನೋಡಪ್ಪಾ, ಗಾಡೀದಾ, ನಂದಾ? ನೀನೇ ಹೇಳು."

ನಾನು ಗಾಡಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದೆ. ವಾಲ್ವ್ ಕಚ್ಚಿಕೊಂಡಿದ್ದು, ಬಲ ಕಡಿತವಾಗಿದ್ದು, ಎಲ್ಲವೂ ಪರದೆಯ ಮೇಲೆ ಸ್ಪಷ್ಟವಾಗಿತ್ತು. ಅಕ್ಕ ಹಿಂದಿನಿಂದ, "ಅವಾಗ ಒಂದು ಹಳದಿ ದೀಪ ಹತ್ತಿತ್ತು ಕಣೋ" ಎಂದಳು. ಡೀಸೆಲ್ ಕಮ್ಮಿ ಇದ್ರೆ ಹತ್ತುತ್ತೆ ಅಕ್ಕ ಎಂದೆ. ಪರದೆಯ ಮೇಲಿದ್ದುದನ್ನು ಒಂದೇ ಒತ್ತಿಗೆ ಅಳಿಸಿದೆ. ನಿಮ್ಮ ಕಡೆ ತಿರುಗಿದೆ.

"ಗಾಡೀಲಿ ಏನೂ ಇಲ್ಲ ಭಾವ. ಒಂದ್ಸಲ ಕಾಲು ತೋರಿಸ್ಕೊಳ್ಳಿ."

ಆಗ ನಿಮ್ಮ ಮುಖ ಹೇಗಾಯಿತು ಎಂದು ನಾನು ಬರೆಯುವುದಿಲ್ಲ. ಆದರೆ ನನಗೆ ಏನಾಯಿತು ಎಂದು ಬರೆಯಲೇಬೇಕು – ಸಂತೋಷವಾಯಿತು. ಹೊಟ್ಟೆ ತುಂಬ ತಣ್ಣಗಾಯಿತು. ಇನ್ನು ಮೇಲೆ ನಿಮ್ಮ ಮೈಯನ್ನು ನೀವೂ ಅನುಮಾನದಿಂದ ನೋಡುತ್ತೀರಿ ಅಂದುಕೊಂಡೆ. ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎರಡು ಮುದ್ದೆ ಉಂಡೆ.

ಆವತ್ತಿನಿಂದ ನೀವು ಸ್ಟೀರಿಂಗ್ ಹಿಡಿದಿಲ್ಲ. ಕೋಲಾರದ ಡಾಕ್ಟರು ಸರಿಯಾಗಿ ಏನೂ ಕಾಣಿಸುತ್ತಿಲ್ಲ, ನರದ ನಿಶ್ಶಕ್ತಿ ಇರಬಹುದು ಎಂದು ಮಾತ್ರೆ ಕೊಟ್ಟರು. ಏನೂ ಇಲ್ಲದ್ದು ಎಲ್ಲಿಂದ ಕಾಣಿಸಬೇಕು? ನೀವು ದಿನಾ ಎಣ್ಣೆ ತಿಕ್ಕಿಸಿಕೊಂಡಿರಿ, ನಡೆಯುವಾಗ ಕಾಲನ್ನೇ ನೋಡಿಕೊಂಡು ನಡೆದಿರಿ, ನೋಡಿಕೊಂಡು ನಡೆದು ನಡೆದು ನಿಜವಾಗಿಯೂ ಕುಂಟತೊಡಗಿದಿರಿ. ತೋಟಕ್ಕೆ ಹೋಗುವುದು ಕಡಿಮೆಯಾಯಿತು. ಅಕ್ಕ ಬಸ್ಸಿಗೆ ಕಾಯುವುದನ್ನು ಕಲಿತಳು. ಬ್ಯಾಟರಿ ಸಾಯಬಾರದೆಂದು ತಿಂಗಳಿಗೊಮ್ಮೆ ಬಂದು ನಾನೇ ಗಾಡಿ ಓಡಿಸಿಟ್ಟು ಹೋದೆ, ನೀವು ಜಗಲಿಯ ಮೇಲೆ ಕೂತು ಆ ಸದ್ದು ಕೇಳುತ್ತಿದ್ದಿರಿ. ಮೊದಲ ತಿಂಗಳೇ ಆ ವಾಲ್ವನ್ನು ಬಿಚ್ಚಿ ತೊಳೆದೆ, ಯಾರಿಗೂ ಹೇಳದೆ. ಗಾಡಿ ಸರಿಹೋಯಿತು. ನಿಮ್ಮನ್ನು ಹಾಗೇ ಬಿಟ್ಟೆ.

ಎರಡು ವಾರದ ಹಿಂದೆ ನೀವು ನನ್ನನ್ನು ಶೆಡ್ಡಿನ ಹತ್ತಿರ ಕರೆದಿರಿ. ಗಾಡಿಗೆ ಕೈಯೂರಿ ನಿಂತು, "ಕಾಲಿನ ವಿಷ್ಯ ಮಾಲೂರಿನೋರ ಕಿವಿಗೆ ಬೀಳೋದು ಬೇಡ ಕಣೋ. ವಂಶದ ಕಾಯ್ಲೆ ಅಂತಾರೆ. ಮಗು ಮದ್ವೆ ನಿಂತೋಗ್ತದೆ" ಎಂದಿರಿ.

ನಾನು ಕಾದೆ. ಈಗ ನೆನಪಾಗುತ್ತದೆ, ಈಗ ಸುಮತಿಯ ಹೆಸರು ಬರುತ್ತದೆ ಎಂದು ನಿಮ್ಮ ಬಾಯನ್ನೇ ನೋಡಿದೆ. ನಿಮಗೆ ನೆನಪೇ ಇರಲಿಲ್ಲ. ನನ್ನ ಇಡೀ ಬಾಳನ್ನು ಪಕ್ಕಕ್ಕೆ ಸರಿಸಿದ ಆ ಮಾತು ನಿಮ್ಮ ಪಾಲಿಗೆ ಮಂಡಿಯಲ್ಲಿ ಆಡಿದ ನೂರು ಮಾತಿನಲ್ಲಿ ಒಂದು. ಮತ್ತೆ ಎಲ್ಲಿಂದಲೋ ಆ ಹಳೆಯ ಉರಿ ಎದ್ದಿತು. ಸೇಡು ತೀರಿಸಿಕೊಂಡೆ ಎಂದುಕೊಂಡಿದ್ದೆ. ಯಾವುದಕ್ಕೆ ಏಟು ಬಿತ್ತು ಎಂದೇ ನಿಮಗೆ ಗೊತ್ತಿರಲಿಲ್ಲ.

ಹೋದ ವಾರ ಮುನಿರಾಜಪ್ಪನವರು ಗಾಡಿ ಸರ್ವೀಸಿನ ನೆಪ ಮಾಡಿಕೊಂಡು ಬಂದರು. ಮಾಲೂರು ಕಡೆ, ಶಿವಾರಪಟ್ಟಣದ ಪಕ್ಕದ ಊರಿನವರು, ನಿಧಾನದ ಮನುಷ್ಯ. ಟೀ ಕುಡಿದು, ಲೋಟ ಕೆಳಗಿಟ್ಟು, ಹುಡುಗಿಯ ಸೋದರಮಾವನಾದ ನನ್ನನ್ನು ಕೇಳಿದರು. "ಹುಡುಗಿ ತಂದೆ ಕಾಲೆಳೀತಾರಂತೆ. ತಾತನಿಗೂ ಹಂಗೇ ಆಗಿತ್ತಂತೆ. ಶೀನಪ್ಪ, ನಿಮ್ಮನೆ ಹುಡುಗನೇ ಆಗಿದ್ರೆ ಈ ಸಂಬಂಧ ತರ್ತಿದ್ರಾ?"

ಒಂದು ಗಳಿಗೆ – ಬರೆಯಲು ಕೈ ಬರುತ್ತಿಲ್ಲ – ಒಂದು ಗಳಿಗೆ ಸುಮ್ಮನಿದ್ದೆ. ನಾನು ಹಾಗೇ ಸುಮ್ಮನಿದ್ದುಬಿಟ್ಟಿದ್ದರೆ ಸಾಕಾಗಿತ್ತು. ಸೇಡು ಪೂರ್ತಿಯಾಗುತ್ತಿತ್ತು. ನನ್ನ ಹೆಗಲ ಮೇಲೆ ಕೂತು ಕೋಲಾರ ನೋಡಿದ ಮಗು ಪವಿತ್ರ. ಅವಳ ಮುಖ ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ, ಆಮೇಲೆ ನೆನಪಾಯಿತು. ಭಾನುವಾರ ಬಂದು ಹೇಳ್ತೀನಿ ಎಂದು ಅವರನ್ನು ಕಳಿಸಿದೆ.

ಹಾಗಾಗಿ ಈ ಕಾಗದ. ಇದನ್ನು ಬರೆಯುವುದರಲ್ಲೂ ಒಂದು ಪಾಲು ಸೇಡಿದೆ. ನಿಮ್ಮ ಕಾಲನ್ನು ಕಿತ್ತುಕೊಂಡವನು ನಾನು, ಯಾವ ಮಾತಿಗಾಗಿ ಕಿತ್ತುಕೊಂಡೆ ಎಂಬುದು ನಿಮಗೆ ಗೊತ್ತಾಗಲಿ ಎಂಬ ಆಸೆಯಿದೆ. ಇಲ್ಲವೆಂದರೆ ಮತ್ತೊಂದು ಸುಳ್ಳಾಗುತ್ತದೆ. ಕ್ಷಮಿಸಿ ಎಂದು ಬರೆಯಲು ಎರಡು ಸಲ ಹೊರಟು ಹೊಡೆದುಹಾಕಿದ್ದೇನೆ. ನಾನು ನಿಮ್ಮನ್ನು ಇನ್ನೂ ಕ್ಷಮಿಸಿಲ್ಲ, ನಿಮ್ಮನ್ನು ಕೇಳಲು ನನಗೆ ಬಾಯಿಲ್ಲ. ಅಕ್ಕನನ್ನು ಕೇಳಬೇಕು. ಅವಳಿಗೆ ಏನು ಹೇಳಬೇಕೋ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಬೈರಕೂರಿಗೆ ಬರುತ್ತೇನೆ. ನೀವು ಇದನ್ನು ಓದಿ ಮುಗಿಸುವ ತನಕ ಜಗಲಿಯ ಮೇಲೆ ಕೂತಿರುತ್ತೇನೆ. ಹೊಡೆಯುವುದಿದ್ದರೆ ಹೊಡೆಯಿರಿ. ಆಮೇಲೆ ಶೆಡ್ಡಿನಿಂದ ಗಾಡಿ ತೆಗೆಯಿರಿ, ನೀವೇ. ಊರೊಳಗೆ ಎರಡು ಸುತ್ತು ಹಾಕಿ ಕಾಲಿಗೆ ರೂಢಿಯಾದ ಮೇಲೆ ಮಾಲೂರಿಗೆ ಹೊರಡೋಣ. ಈ ಕಾಗದವನ್ನು ಮುನಿರಾಜಪ್ಪನವರ ಕೈಗೆ ಕೊಡುವವನು ನಾನು. ಆದರೆ ಅವರ ಮನೆಯ ಮುಂದೆ ಗಾಡಿ ನಿಲ್ಲಿಸಿ ಇಳಿಯುವವರು ನೀವಾಗಿರಬೇಕು. ದಾರಿಯಲ್ಲಿ ಯಾವುದಾದರೂ ಲಾರಿ ಅಡ್ಡ ಸಿಕ್ಕರೆ ಅನುಮಾನಪಡದೆ ಕಾಲು ಒತ್ತಿ. ಅವತ್ತು ಅಕ್ಕ ಕೂತಿದ್ದ ಸೀಟಿನಲ್ಲಿ ಈ ಸಲ ನಾನು ಕೂತಿರುತ್ತೇನೆ.