ಡಿಕ್ಕಿರಾಯನ ಗಾಡಿ ತಟ್ಟುವ ಅಜ್ಜ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎಲ್ಲರೂ ಅಜ್ಜ ಎಂದೇ ಕರೆಯುವ ಮನುಷ್ಯ ತಗಡಿನ ಶೆಡ್ಡಿನೊಳಗೆ ರೇಸ್ ಕಾರಿನ ಬಾಗಿಲ ಮೇಲೆ ಅಂಗೈ ಆಡಿಸುತ್ತಿದ್ದಾರೆ, ಹಸುವಿನ ಪಕ್ಕೆ ಸವರಿದ ಹಾಗೆ. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ. ಸಿಕ್ಕಲ್ಲಿ ಒಳಗಿನಿಂದ ಮರದ ಸುತ್ತಿಗೆಯ ಎರಡು ಸಣ್ಣ ಏಟು.

ಜಜ್ಜಿದ್ದನ್ನು ತಟ್ಟಿ ನೇರ ಮಾಡುವುದು ಅವರ ಮೂವತ್ತೆಂಟು ವರ್ಷದ ಕಸುಬು. ಮೊದಲು ನೇಗಿಲ ಗುಳ ಬಡಿಯುವ ಕುಲುಮೆ, ಆಮೇಲೆ ಲಾರಿ, ಏಳು ವರ್ಷದಿಂದ ಈ ರೇಸ್ ತಂಡ. ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ. ಏಟಿನ ಸದ್ದಿಗೆ ಎಡಗಿವಿ ಹೋಗಿದೆ. "ಹೆಂಡತಿ ಬೈಯೋಕೆ ಶುರು ಮಾಡಿದ್ರೆ ಆ ಕಿವಿ ಕೊಟ್ಟು ಕೂರ್ತೀನಿ" ಎಂದು ನಗುತ್ತಾರೆ.

ಅವರಿಗೆ ಅತಿ ಹೆಚ್ಚು ಕೆಲಸ ಕೊಟ್ಟವನು ತಂಡದ ಚಾಲಕ. ಎರಡು ವರ್ಷದಲ್ಲಿ ಹದಿನಾಲ್ಕು ಅಪಘಾತ. ಜನ ಇಟ್ಟ ಹೆಸರು ಡಿಕ್ಕಿರಾಯ. ಕಳೆದ ಭಾನುವಾರ ತಿರುವಿನ ಗೋಡೆಗೆ ಗುದ್ದಿದ, ಹಣೆಗೆ ಆರು ಹೊಲಿಗೆ ಬಿತ್ತು. ಇವತ್ತು ಒಂಬತ್ತಕ್ಕೆ ಬಂದು ಅವನನ್ನು ತಂಡದಿಂದ ತೆಗೆಯುತ್ತೇನೆ ಎಂದಿದ್ದಾರೆ ಯಜಮಾನರು.

"ಬಿದ್ದವನಿಗೆ ಆಳಿಗೊಂದು ಕಲ್ಲು. ಹದಿನಾಲ್ಕೂ ತಟ್ಟಿದವನು ನಾನು. ಒಂಬತ್ತು ಸಲ ಹಿಂದಿನವರೇ ಬಂದು ಗುದ್ದಿದ್ದು; ಅವರ ಬಣ್ಣ ನಮ್ಮ ತಗಡಿಗೆ ಹಿಂದಿಂದ ಮುಂದಕ್ಕೆ ಉಜ್ಕೊಂಡಿರುತ್ತೆ. ಒಂದು ಸಲ ಟೈರು ಸಿಡೀತು. ಮೂರು ಅವಂದೇ ಅವಸರ, ಸುಳ್ಳು ಹೇಳಬಾರದು."

ಎಲ್ಲ ಸೇರಿ ಹದಿಮೂರಾಯಿತು. ಹದಿನಾಲ್ಕನೆಯದು, ಭಾನುವಾರದ್ದು, ಎಂದು ಕೇಳಿದರೆ ಅಜ್ಜ ಸುತ್ತಿಗೆ ಕೆಳಗಿಟ್ಟು ಬಗ್ಗುತ್ತಾರೆ.

ಬೆಂಚಿನ ಕೆಳಗಿನ ಗೋಣಿಯಿಂದ ಸ್ಟಿಯರಿಂಗ್ ರಾಡಿನ ತುಂಡು ಹೊರಬರುತ್ತದೆ. ಮುರಿದ ಬಾಯಲ್ಲಿ ಅರ್ಧ ಹೊಳಪು, ಅರ್ಧ ತುಕ್ಕು. ಹೊಳಪು ಭಾನುವಾರದ್ದು, ತುಕ್ಕು ಹಳೆಯ ಬಿರುಕು. ಎರಡು ತಿಂಗಳ ಹಿಂದಿನ ಡಿಕ್ಕಿಯಲ್ಲಿ ಬಾಗಿದ್ದ ಈ ರಾಡನ್ನು ಬಿಸಾಡಬೇಕಿತ್ತು. ಹೊಸದು ಬರಲು ಮೂರು ದಿನ ಹಿಡಿಯುತ್ತಿತ್ತು. ಅಜ್ಜ ಕಾಯಿಸಿ, ಬಡಿದು, ನೇರ ಮಾಡಿ ಹಾಕಿಬಿಟ್ಟರು. ಗುಳ ಬಡಿದ ಕೈ, ಬಾಗಿದ್ದು ಕಂಡರೆ ಬಿಡುವುದಿಲ್ಲ. "ಗುಳ ಮುರಿದ್ರೆ ಎತ್ತು ನಿಲ್ಲುತ್ತೆ. ಈ ಗಾಡಿ ನಿಲ್ಲಲ್ಲ."

ಭಾನುವಾರದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಹೇಳಿದರೆ ಕೆಲಸ ಹೋದೀತು. ಅರವತ್ತೆರಡರವನನ್ನು ಇನ್ಯಾರು ಕರೆಯುತ್ತಾರೆ? ಮನೆಯಲ್ಲಿ ಹೆಂಡತಿ ಆಡಿದ್ದು ಒಂದೇ ಮಾತು: "ರೀ, ಆ ತುಂಡನ್ನ ಬಾವಿಗೆ ಎಸೆದು ಬನ್ನಿ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಒಂಬತ್ತಕ್ಕೆ ಯಜಮಾನರು ಬರುತ್ತಾರೆ. ಹಿಂದೆಯೇ ಚಾಲಕ, ಹಣೆಗೆ ಪಟ್ಟಿ. "ಏನಜ್ಜ, ನಿಮ್ಮ ರಾಯನ ಆಟ ಇವತ್ತಿಗೆ ಮುಗೀತು" ಎನ್ನುತ್ತಾರೆ ಯಜಮಾನರು.

ಅಜ್ಜ ತುಂಡನ್ನು ಅವರ ಕೈಗೇ ಇಡುತ್ತಾರೆ. "ಮುರಿದಿರೋದು ನಾನು ಬಡಿದ ಜಾಗದಲ್ಲಿ, ಯಜಮಾನ್ರೇ. ಅವನು ತಿರುಗಿಸಿದಾನೆ, ಗಾಡಿ ತಿರುಗಲಿಲ್ಲ."

ಚಾಲಕ, "ನನ್ನ ಕೈಯೇ ಸೋತಿದೆ ಅಂದ್ಕೊಂಡಿದ್ದೆ, ಅಜ್ಜ" ಎನ್ನುತ್ತಾನೆ. ಯಜಮಾನರು ರಾಡನ್ನು ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಹೇಳುತ್ತಾರೆ: ಚಾಲಕ ಉಳಿಯಲಿ. ಅಜ್ಜ ಇನ್ನು ಹೊರಗಿನ ತಗಡು ಮಾತ್ರ ಮುಟ್ಟಬೇಕು, ಗಾಡಿಯ ಅಡಿಗೆ ಕೈ ಹಾಕಕೂಡದು.

ಮಧ್ಯಾಹ್ನ, ಭಾನುವಾರವೇ ಹೇಳಿ ತರಿಸಿದ್ದ ಹೊಸ ರಾಡು ಹಾಕಿದ ಕಾರು ಅಭ್ಯಾಸಕ್ಕೆ ಇಳಿಯುತ್ತದೆ. ಅಜ್ಜ ಟ್ರ್ಯಾಕಿಗೆ ಬೆನ್ನು ಹಾಕಿ ನಿಂತು ಸುತ್ತು ಎಣಿಸುತ್ತಿದ್ದಾರೆ, ನೋಡುವ ಧೈರ್ಯವಿಲ್ಲ. ಅವನು ಗೆಲ್ಲಬೇಕು ಅಂತ ಆಸೆಯೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

"ಗೆಲ್ಲೋದು ಅವನ ಆಸೆ. ನನಗೆ ಒಂದೇ ಒಂದು ವಾರ, ತಟ್ಟೋಕೆ ಏನೂ ಇಲ್ದೆ ಸುಮ್ನೆ ಕೂರಬೇಕು ಅಂತ."