ಜಟ್ಟಿಯ ಬ್ರೇಕ್ ಎಣ್ಣೆ

ಹೊಳನಗದ್ದೆಯ ಮೆಕ್ಯಾನಿಕ್ ಜಟ್ಟಿಯ ಪುಕ್ಕಲುತನ ಕುಮಟೆ ಪೇಟೆಗೆಲ್ಲ ಗೊತ್ತು. ಎಂಜಿನ್ ಬಿಚ್ಚುವಾಗ ಊರ ಸುದ್ದಿಯೆಲ್ಲ ಹರಟುವ ಈ ಮನುಷ್ಯ, ಬ್ರೇಕಿಗೆ ಕೈ ಹಾಕಿದನೆಂದರೆ ಬಾಯಿ ಹೊಲಿದುಕೊಂಡವನಂತೆ ಕೂತುಬಿಡುತ್ತಾನೆ. ಹುಡುಗನಾಗಿದ್ದಾಗ ಹೊನ್ನಾವರದ ಇಳಿಜಾರಿನಲ್ಲಿ, ಬ್ರೇಕು ಹೋದ ಜೀಪಿನೊಳಗೆ ಕೂತಿದ್ದವನು; ಆ ಹೆದರಿಕೆ ಇನ್ನೂ ಹೊಟ್ಟೆಯಿಂದ ಇಳಿದಿಲ್ಲ. ರಿಪೇರಿಯಾದ ಗಾಡಿಯನ್ನು ತಾನೇ ಮೂರು ಸಲ ಓಡಿಸಿ ನೋಡದೆ ಯಾರಿಗೂ ಕೊಟ್ಟವನಲ್ಲ. ನಗುವವರು ನಗಲಿ, ಐವತ್ತೆಂಟು ವರ್ಷಕ್ಕೆ ಅವನು ಗಳಿಸಿದ್ದು ಆ ಒಂದು ಹೆಸರು.

ನಿವೃತ್ತ ವಿಶ್ವನಾಥ ಮಾಸ್ತರರ ಹಳೆಯ ಬಿಳಿ ಅಂಬಾಸಿಡರಿಗೂ ಹಾಗೇ ಮಾಡಿದ್ದ. ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಚಕ್ರದ ಸಿಲಿಂಡರುಗಳ ರಬ್ಬರು ಸವೆದು ಬ್ರೇಕ್ ಎಣ್ಣೆ ಸೋರಿತ್ತು. ಹೊಸ ರಬ್ಬರು ಹಾಕಿ, ಪೈಪಿನ ಗಾಳಿ ತೆಗೆದು, ನಿನ್ನೆ ಮೂರು ಸಲ ಓಡಿಸಿದ. ಪೆಡಲ್ ಗಟ್ಟಿ ನಿಂತಿತು. ಇವತ್ತು ಬೆಳಿಗ್ಗೆ ಮಾಸ್ತರರು ಹೆಂಡತಿ ಮಾಲತಿಯನ್ನು ಕೂರಿಸಿಕೊಂಡು ತದಡಿ ಬಂದರಿಗೆ ಹೊರಟರು.

ಅವರು ಹೋಗಿ ಹತ್ತು ನಿಮಿಷಕ್ಕೆ ಜಟ್ಟಿಯ ಹೆಂಡತಿ ರೋಹಿಣಿ ಚಾ ತಂದಳು.

“ಪೇಟೆಗೆ ಹೋದ್ರೆ ಎಣ್ಣೆ ತಕಂಬನ್ನಿ. ಇದ್ದದ್ದೆಲ್ಲ ನಿಮ್ಮ ರಬ್ಬರಿಗೇ ಆತು.”

“ಯಾವ ರಬ್ಬರಿಗೆ?”

“ಎಂತ ಹಿಂಗೆ ಕೇಳ್ತ್ರಿ? ಮೊನ್ನೆ ನೀವೇ ಅಲ್ವಾ ಹೇಳಿದ್ದು, ರಬ್ಬರಿಗೆ ಎಣ್ಣೆ ಹಚ್ಚಿಡು ಅಂತ?”

ಹೇಳಿದ್ದು ಹೌದು. ಅವನ ಬಾಯಲ್ಲಿ ಎಣ್ಣೆ ಅಂದರೆ ಬ್ರೇಕ್ ಎಣ್ಣೆ. ಅವಳಿಗೆ, ಆ ಊರಿನ ಯಾವ ಅಡಿಗೆಮನೆಗೂ, ಎಣ್ಣೆ ಅಂದರೆ ತೆಂಗಿನೆಣ್ಣೆ. ಅದೇ ರಬ್ಬರನ್ನು ಗಾಡಿಗೆ ಹಾಕುವಾಗ, ಶೀತದಿಂದ ಮೂಗು ಕಟ್ಟಿದ್ದ ಜಟ್ಟಿಗೆ ವಾಸನೆಯೂ ಹತ್ತಿರಲಿಲ್ಲ. ತೆಂಗಿನೆಣ್ಣೆ ಕುಡಿದ ರಬ್ಬರು ಊದುತ್ತದೆ. ಊದಿ ಸಿಕ್ಕಿಕೊಂಡರೆ ಬ್ರೇಕು ಹಿಡಿದದ್ದು ಬಿಡುವುದಿಲ್ಲ. ಚಕ್ರ ಕಾದು ಒಳಗಿನ ಎಣ್ಣೆ ಕುದಿದರೆ ಆಮೇಲೆ ಹಿಡಿಯುವುದೇ ಇಲ್ಲ. ತದಡಿಯಲ್ಲಿ ರಸ್ತೆ ಮುಗಿಯುವುದು ನೀರಿಗೆ.

ಜಟ್ಟಿ ಮಾಸ್ತರರಿಗೆ ಫೋನು ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಸ್ಕೂಟರ್ ಹತ್ತಿದ. ದಾರಿಯುದ್ದಕ್ಕೂ ಗದ್ದೆ ನೋಡಿದ, ಮೋರಿ ನೋಡಿದ, ಎಲ್ಲಿ ಬಿಳಿ ಗಾಡಿ ಮಗುಚಿ ಬಿದ್ದಿದೆಯೋ ಎಂದು. ಇಷ್ಟು ಹೆದರಿಕೆ ಆ ಜೀಪಿನಲ್ಲೂ ಆಗಿರಲಿಲ್ಲ. ಅಲ್ಲಿ ಸಾಯುವವನು ತಾನಾಗಿದ್ದ.

ಬಂದರಿನ ಹತ್ತಿರ ಗಾಡಿ ಕಂಡಿತು. ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಪಕ್ಕಕ್ಕೆ ಬಂದು ಗಂಟಲು ಹರಿಯುವಂತೆ ಕೂಗಿದ.

“ಮಾಸ್ತರ್ರೇ, ನಿಲ್ಸಿ!”

ಮಾಸ್ತರರು ಪೆಡಲ್ ತುಳಿದರು. ಗಾಡಿ ನಿಲ್ಲಲಿಲ್ಲ. ಮತ್ತೆ ತುಳಿದರು. ಅದು ದೋಣಿ ನಿಲ್ಲುವ ದಕ್ಕೆಯ ಕಡೆಗೇ ಉರುಳುತ್ತಿತ್ತು. ಒಳಗಿನಿಂದ ಮಾಲತಿಯ ಚೀರಾಟ ಕೇಳಿತು. ಜಟ್ಟಿ ಮತ್ತೆ ಕೂಗಿದ.

“ಹ್ಯಾಂಡ್ ಬ್ರೇಕ್! ಹ್ಯಾಂಡ್ ಬ್ರೇಕ್ ಎಳೀರಿ!”

ಗಾಡಿ ಕಿರ್ರೆನ್ನುತ್ತ ಹೋಗಿ ಬಲೆಯ ರಾಶಿಗೆ ಮೂತಿ ತೂರಿಸಿ ನಿಂತಿತು. ನೀರಿಗೆ ಎರಡು ಮಾರು ಉಳಿದಿತ್ತು.

ಮಾಲತಿ ಇಳಿದು ಕೈ ಮುಗಿದರು. “ದೇವರು ಬಂದಂಗೆ ಬಂದ್ಯೋ ಜಟ್ಟಿ!”

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಜಟ್ಟಿಗೆ ಆ ಮುಗಿದ ಕೈ ನೋಡಲಾಗಲಿಲ್ಲ.

“ಕೈ ಮುಗೀಬೇಡಿ, ಅಕ್ಕೋರೇ. ರಬ್ಬರಿಗೆ ಬೇರೆ ಎಣ್ಣೆ ಬಿತ್ತು. ತಪ್ಪು ನಂದೇ.”

 ಮಾಸ್ತರರು ಬಯ್ಯಲಿಲ್ಲ. ಗಾಡಿಯ ಕೀಲಿ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡರು. “ಬೇರೆಯವ್ರ ಹತ್ರ ಮಾಡಿಸ್ತೆ,” ಎಂದಷ್ಟೇ ಹೇಳಿದರು.

ಸಂಜೆ ಬರಿಗೈಯಲ್ಲಿ ಬಂದು ಜಗಲಿಯಲ್ಲಿ ಕೂತ ಗಂಡನನ್ನು ರೋಹಿಣಿ ಒಳಗಿನಿಂದಲೇ ಕೇಳಿದಳು.

“ಎಣ್ಣೆ ತಂದ್ರಾ?”

ಜಟ್ಟಿ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದ.

“ಯಾವ ಎಣ್ಣೆ?” ಎಂದು ಕೇಳಿದ.